ಸೂಜಿ ಚುಚ್ಚಿದ್ದನ್ನು ಬರೆದಿಟ್ಟವರು ಯಾರು?

ಆಸ್ಪತ್ರೆಗೆ ಹೋದರೆ ಡಾಕ್ಟರನ್ನು ನೋಡ್ತೀವಿ, ನರ್ಸನ್ನು ನೋಡ್ತೀವಿ. ವಾರ್ಡಿನಿಂದ ಕಸದ ಚೀಲ ಎತ್ತಿಕೊಂಡು ಹೋಗುವ ಆಯಾಳನ್ನು ಯಾರು ನೋಡ್ತಾರೆ? ಇವತ್ತು ಆಕೆಯ ವಿಷಯ.

ಬಿಳಿ ಡಬ್ಬಿಗೆ ಹಾಕಬೇಕಾದ ಸೂಜಿಯನ್ನು ಯಾರೋ ಅವಸರದಲ್ಲಿ ಹಳದಿ ಚೀಲಕ್ಕೆ ಎಸೆದಿರ್ತಾರೆ. ಚೀಲ ಎತ್ತುವಾಗ ಆಕೆಯ ಬೆರಳಿಗೆ ಚುಚ್ಚುತ್ತೆ. ಸೂಪರ್‌ವೈಸರ್ ಏನಂತಾನೆ? "ಸ್ಪಿರಿಟ್ ಹಚ್ಕೊಳ್ಳಮ್ಮ, ಏನಾಗಲ್ಲ." ಮುಗೀತು. ಎಲ್ಲೂ ಒಂದಕ್ಷರ ಬರೆಯಲ್ಲ.

ಹೆಪಟೈಟಿಸ್ ಬಿ ಮರುದಿನವೇ ಕಾಣಿಸಿಕೊಳ್ಳುವ ಕಾಯಿಲೆ ಅಲ್ಲ. ಎರಡು ಮೂರು ತಿಂಗಳಾದ ಮೇಲೆ ಕಣ್ಣು ಹಳದಿಯಾಗುತ್ತೆ. ಆಗ ಹೋಗಿ ಕೇಳಿದರೆ ಗುತ್ತಿಗೆ ಏಜೆನ್ಸಿಯವರು ಆಸ್ಪತ್ರೆ ಕಡೆ ಕೈ ತೋರಿಸ್ತಾರೆ. ಆಸ್ಪತ್ರೆಯವರು, "ಎಲ್ಲಿಂದ ಅಂಟಿಸ್ಕೊಂಡು ಬಂದೆಯೋ" ಅಂತಾರೆ.

ಕಾನೂನು ಇಲ್ಲ ಅಂದುಕೊಂಡ್ರಾ? ಇದೆ ಸ್ವಾಮಿ! 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಷೆಡ್ಯೂಲ್ ಶುರುವಾಗ್ತಿದ್ದುದೇ ಸೋಂಕು ರೋಗಗಳಿಂದ. ಆಸ್ಪತ್ರೆ, ಲ್ಯಾಬ್, ಪಶುವೈದ್ಯಕೀಯ ಕೆಲಸದಲ್ಲಿದ್ದಾಗ ಅಂಥ ರೋಗ ಅಂಟಿದರೆ ಅದನ್ನು ಕೆಲಸದಲ್ಲಾದ ಅಪಘಾತ ಅಂತಲೇ ಆ ಕಾಯ್ದೆ ಪರಿಗಣಿಸುತ್ತಿತ್ತು. ಅಲ್ಲ ಅನ್ನುವ ಮಾಲೀಕರೇ ಅದನ್ನು ಸಾಬೀತು ಮಾಡಬೇಕಿತ್ತು. ಈಗ ಅದರ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ರಕ್ಷಣೆ ಉಳಿದಿದೆ. ಆದರೆ ರೋಗ ಅಂಟಿದ್ದು ಈ ಕೆಲಸದಲ್ಲಿದ್ದಾಗ ಅನ್ನೋದಕ್ಕೇ ಕಾಗದ ಇಲ್ಲದಿದ್ದರೆ?

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳನ್ನು ನೋಡಿ. ಈ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿಸಿ ದಾಖಲೆ ಇಡಬೇಕು. ಒಳ್ಳೆಯದೇ. ಆದರೆ ಇದೇ ನಿಯಮದಲ್ಲಿ ತ್ಯಾಜ್ಯದ ಲಾರಿ ಮಗುಚಿದರೆ 'ದೊಡ್ಡ ಅಪಘಾತ', 24 ಗಂಟೆಯೊಳಗೆ ಲಿಖಿತ ವರದಿ. ಸೂಜಿ ಚುಚ್ಚಿದರೆ ಅದು ದೊಡ್ಡದಲ್ಲ, ವಾರ್ಷಿಕ ವರದಿಯಲ್ಲಿ ತಿಳಿಸಿದರೆ ಸಾಕು. ಯಾರಿಗೆ ದೊಡ್ಡದಲ್ಲ?

ಅಮೆರಿಕದಲ್ಲಿ ಇನ್ನೊಬ್ಬರ ರಕ್ತ ತಾಗಿದ ಸೂಜಿ ಚುಚ್ಚಿದರೆ, ಕಾಯಿಲೆ ಬರಲಿ ಬಿಡಲಿ, ಮಾಲೀಕರು ಅದನ್ನು ಗಾಯಗಳ ದಾಖಲೆಯಲ್ಲಿ ಬರೆಯಲೇಬೇಕು. ಆ ಪಟ್ಟಿಯಲ್ಲಿ ನೌಕರರ ಹೆಸರು ಹಾಕುವಂತಿಲ್ಲ. ದಾಖಲೆಯನ್ನು ಐದು ವರ್ಷ ಕಾಪಾಡಬೇಕು. ನಮ್ಮಲ್ಲಿ ಇದಕ್ಕೆ ಏನು ಅಡ್ಡಿ? ಒಂದು ಪುಸ್ತಕ, ಒಂದು ಪೆನ್ನು, ಐದು ನಿಮಿಷ.

ನಿಮ್ಮ ಮನೆಯವರು ಯಾರಾದರೂ ಆಸ್ಪತ್ರೆಯಲ್ಲಿ ಕೆಲಸ ಮಾಡ್ತಿದ್ದರೆ ಇವತ್ತೇ ಹೇಳಿ. ಸೂಜಿ ಚುಚ್ಚಿದ ತಕ್ಷಣ ಸೋಪು ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಲಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು. ದಿನಾಂಕ, ಹೊತ್ತು, ವಾರ್ಡು ಬರೆದ ಓಪಿಡಿ ಚೀಟಿ ಕೇಳಿ ಪಡೆಯಲಿ. ಮೊಬೈಲಿನಲ್ಲಿ ಅದರದ್ದೊಂದು ಫೋಟೋ ಇರಲಿ.