ಒರತೆ ಬತ್ತಿದರೆ ಕೋಣೆಗೆ ಬಾಡಿಗೆಯಿಲ್ಲ



ಪರಿಸರ ರಕ್ಷಣೆಯೆಂದರೆ ಹೋಟೆಲು, ರೆಸಾರ್ಟುಗಳ ಪಾಲಿಗೆ ಬರಿಯ ಖರ್ಚು ಎಂಬ ಮಾತು ಬೆಟ್ಟಗುಡ್ಡಗಳ ಊರುಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಲೆಕ್ಕದ ಪುಸ್ತಕವನ್ನೇ ಮುಂದಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸುವುದು ಉಚಿತ.

2018ರ ಮೇ ತಿಂಗಳು. ಹಿಮಾಚಲದ ಶಿಮ್ಲಾದಲ್ಲಿ ಪ್ರವಾಸಿಗಳ ಸುಗ್ಗಿಯ ಕಾಲ. ದಿನಕ್ಕೆ ಸುಮಾರು 4.5 ಕೋಟಿ ಲೀಟರ್ ನೀರು ಬೇಕಿದ್ದ ಆ ನಗರಕ್ಕೆ ಅದರ ಅರ್ಧದಷ್ಟೂ ದೊರೆಯದ ದಿನಗಳು ಬಂದವು. ಜನ ಕೊಡ ಹಿಡಿದು ಬೀದಿಗಿಳಿದರು. ದಯವಿಟ್ಟು ಇತ್ತ ಬರಬೇಡಿರೆಂದು ಊರಿನವರೇ ಪ್ರವಾಸಿಗಳಿಗೆ ವಿನಂತಿಸಿದರು. ಬೇಸಿಗೆ ಉತ್ಸವ ಮುಂದೂಡಲ್ಪಟ್ಟಿತು. ಕಾದಿರಿಸಿದ ಕೋಣೆಗಳು ರದ್ದಾದವು. ಹಾಸಿಗೆ, ಕಟ್ಟಡ, ಅಡುಗೆಯವರು ಎಲ್ಲವೂ ಇದ್ದಲ್ಲೇ ಇದ್ದವು. ನಲ್ಲಿಯಲ್ಲಿ ನೀರಿಲ್ಲದ್ದರಿಂದ ಅವೆಲ್ಲ ಬೆಲೆ ಕಳೆದುಕೊಂಡವು.

ಎರಡನೆಯ ಪಾಠ ನಮ್ಮ ಬಂಡೀಪುರದಾಚೆಯ ನೀಲಗಿರಿಯದು. ಸೀಗೂರಿನ ಆನೆ ಹಾದಿಯಲ್ಲಿ ರೆಸಾರ್ಟುಗಳು ಎದ್ದವು. ಆ ಹಾದಿಯನ್ನು ತೆರವುಗೊಳಿಸಬೇಕೆಂಬುದನ್ನು ಮದರಾಸು ಹೈಕೋರ್ಟು 2011ರಲ್ಲಿ ಎತ್ತಿಹಿಡಿಯಿತು. 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹಲವು ರೆಸಾರ್ಟುಗಳಿಗೆ ಬೀಗಮುದ್ರೆ ಹಾಕಲು ಆದೇಶಿಸಿತು. 2020ರ ಅಕ್ಟೋಬರಿನಲ್ಲಿ ಹೈಕೋರ್ಟಿನ ತೀರ್ಪನ್ನೇ ಸ್ಥಿರಪಡಿಸಿತು. ಆನೆಯ ದಾರಿಯಲ್ಲಿ ಸುರಿದ ಬಂಡವಾಳ ಬೀಗದೊಳಗೆ ಉಳಿಯಿತು.

ಇವು ನಷ್ಟದ ಕತೆಗಳಾದವು. ಲಾಭದ ಲೆಕ್ಕವೂ ಉಂಟು. ಇಪ್ಪತ್ತು ಕೋಣೆಗಳು, ನಲವತ್ತು ಅತಿಥಿಗಳಿರುವ ಒಂದು ವಸತಿಗೃಹವನ್ನು ಊಹಿಸಿಕೊಳ್ಳಿ. ತಲೆಗೆ 50 ಲೀಟರಿನಂತೆ ದಿನಕ್ಕೆ 2,000 ಲೀಟರ್ ಬಿಸಿನೀರು ಬೇಕು. ಇಷ್ಟು ನೀರಿನ ಉಷ್ಣತೆಯನ್ನು 35 ಡಿಗ್ರಿ ಏರಿಸಲು ಸುಮಾರು 81 ಯೂನಿಟ್ ವಿದ್ಯುತ್ತು ತಗಲುತ್ತದೆ. ಯೂನಿಟ್ಟಿಗೆ 8 ರೂಪಾಯಿ ಎಂದರೆ ದಿನಕ್ಕೆ ಸುಮಾರು 650 ರೂಪಾಯಿ. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲು ನೆಚ್ಚುವಂತಿಲ್ಲ, ನಿಜ. ಬಿಸಿಲೂ ಇದ್ದು ಕೋಣೆಗಳೂ ತುಂಬಿರುವ 150 ದಿನಗಳನ್ನಷ್ಟೇ ಹಿಡಿದರೂ ಸೌರ ಹೀಟರು ವರ್ಷಕ್ಕೆ 97 ಸಾವಿರ ರೂಪಾಯಿಗಳನ್ನು ಉಳಿಸಬಲ್ಲದು. ಬಿಸಿಲಿಗೆ ಬಿಲ್ಲು ಬರುವುದಿಲ್ಲ.

ನೀರಿನದೂ ಹೀಗೆಯೇ. ನಿಮಿಷಕ್ಕೆ 15 ಲೀಟರ್ ಸುರಿಸುವ ಶವರಿನ ಬದಲು 8 ಲೀಟರಿನದನ್ನು ಜೋಡಿಸಿದರೆ, ಎಂಟು ನಿಮಿಷದ ಒಂದು ಸ್ನಾನದಲ್ಲಿ 56 ಲೀಟರ್ ಉಳಿತಾಯ. ನಲವತ್ತು ಜನರಿಗೆ 2,240 ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರಿನ ಸುಮಾರು ಅರ್ಧ. ಬಚ್ಚಲ ನೀರನ್ನು ಶುದ್ಧಗೊಳಿಸಿ ತೋಟಕ್ಕೆ ಹಾಯಿಸುವುದು, ಅಡುಗೆಮನೆಯ ಹಸಿಕಸದಿಂದ ಅನಿಲ ಪಡೆಯುವುದು, ಚಾವಣಿಯ ಮಳೆನೀರು ಹಿಡಿಯುವುದು, ಇವೆಲ್ಲಕ್ಕೂ ಮೊದಲು ಹಣ ಹೂಡಬೇಕು. ಅನಂತರ ವರ್ಷವರ್ಷವೂ ಖರ್ಚು ತಗ್ಗುತ್ತದೆ.

ಹಾಗಿದ್ದೂ ಮಾಲೀಕರು ಹಿಂಜರಿಯುವುದೇಕೆ? ತೊರೆಯ ನೀರಿಗೆ ಅವರು ಬೆಲೆ ತೆರುವುದಿಲ್ಲ. ಹಳ್ಳಕ್ಕೆ ಬಿಟ್ಟ ಕೊಳಚೆಗೂ ತೆರುವುದಿಲ್ಲ. ಆ ಬೆಲೆಯನ್ನು ಕೆಳಗಿನ ಗದ್ದೆಯವನು ತೆರುತ್ತಾನೆ, ದೂರದ ಬಾವಿಗೆ ನಡೆಯುವ ಹೆಣ್ಣುಮಗಳು ತೆರುತ್ತಾಳೆ. ಪುಕ್ಕಟೆ ಸಿಕ್ಕಿದ್ದನ್ನು ಉಳಿಸುವ ಬುದ್ಧಿ ಯಾರಿಗೂ ಸುಲಭವಾಗಿ ಬಾರದು. ಒರತೆ ಬತ್ತಿದ ದಿನ ಹೋಟೆಲಿನವರು ಬೇರೊಂದು ಬೆಟ್ಟ ಹುಡುಕಿಕೊಂಡು ಹೋಗಬಹುದು. ಊರಿನವರು ಎಲ್ಲಿಗೆ ಹೋದಾರು?

ಆದುದರಿಂದ ಹೊಸ ರೆಸಾರ್ಟಿನ ಅರ್ಜಿ ಪಂಚಾಯಿತಿಗೆ ಬಂದಾಗ ಗ್ರಾಮಸಭೆ ಮೂರು ಪ್ರಶ್ನೆಗಳನ್ನು ಕೇಳಲಿ: ನೀರು ಎಲ್ಲಿಂದ, ಎಷ್ಟು? ಕೊಳಚೆ ಎಲ್ಲಿಗೆ? ಬೇಸಿಗೆಯಲ್ಲಿ ಒರತೆ ಇಳಿದರೆ ಮೊದಲ ಕೊಡ ಯಾರದು? ವಿದ್ಯಾರ್ಥಿಗಳು ಪ್ರತಿ ತಿಂಗಳೂ ಊರ ಒರತೆಯ ನೀರನ್ನು ಕೊಡದಲ್ಲಿ ಅಳೆದು, ಕೊಡ ತುಂಬಲು ಹಿಡಿದ ಹೊತ್ತನ್ನು ಬರೆದಿಡಲಿ. ಆ ಪುಟ್ಟ ಪುಸ್ತಕವೇ ನಾಳೆ ಗ್ರಾಮಸಭೆಯ ಕೈಯಲ್ಲಿರುವ ಸಾಕ್ಷಿಯಾದೀತು.