ಜೀವಕೋಶದೊಳಗೆ ಬಿಡಾರ ಹೂಡುವ ಬ್ರೂಸೆಲ್ಲ



ಪುತ್ತೂರು ತಾಲೂಕಿನ ಬೆಟ್ಟಂಪಾಡಿಯಂಥ ಊರುಗಳಲ್ಲಿ ಅಡಿಕೆ ತೋಟವಿದ್ದ ಮನೆಗೆ ಹಟ್ಟಿಯೂ ಇರುವುದು ವಾಡಿಕೆ. ಬೆಳಿಗ್ಗೆ ಸೊಸೈಟಿಗೆ ಹಾಲು ಕೊಟ್ಟು ಕಾಲೇಜಿನ ಬಸ್ಸು ಹಿಡಿಯುವವರು ನಿಮ್ಮಲ್ಲಿಯೂ ಇರಬಹುದು. ಅಂಥದೊಂದು ಹಟ್ಟಿಯಲ್ಲಿ ಗಬ್ಬದ ದನ ಏಳನೆಯ ತಿಂಗಳಲ್ಲಿ ಕಂದು ಹಾಕಿತು, ಕಸ ಬೀಳಲಿಲ್ಲ ಎನ್ನಿ. ಮನೆಯವರು ಬರಿಗೈಯಲ್ಲೇ ಎಲ್ಲವನ್ನೂ ಬಾಚಿ ತೆಗೆಯುತ್ತಾರೆ. ಕೆಲವು ವಾರಗಳ ಅನಂತರ ಅವರಲ್ಲೊಬ್ಬರಿಗೆ ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಸೊಂಟನೋವು. ಮಲೇರಿಯವಲ್ಲ, ಟೈಫಾಯಿಡೂ ಅಲ್ಲ. ಹಟ್ಟಿಯ ಸಂಗತಿಯನ್ನು ವೈದ್ಯರಿಗೆ ಹೇಳಬೇಕೆಂದು ಯಾರಿಗೂ ತೋಚುವುದಿಲ್ಲ. ದನಕ್ಕೂ ಮನುಷ್ಯನಿಗೂ ಬಂದದ್ದು ಒಂದೇ ರೋಗವಿರಬಹುದು: ಕಂದುರೋಗ, ಅಂದರೆ ಬ್ರೂಸೆಲ್ಲೋಸಿಸ್.

1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಈ ರೋಗಾಣುವನ್ನು ಬೇರ್ಪಡಿಸಿದವರು ಸೇನಾವೈದ್ಯ ಡೇವಿಡ್ ಬ್ರೂಸ್. ಅದು ಬರುವುದು ಆಡಿನ ಹಸಿಹಾಲಿನಿಂದ ಎಂಬುದು ಥೆಮಿಸ್ಟೋಕ್ಲಿಸ್ ಝಮ್ಮಿತ್ ಅವರ ಶೋಧನೆಯಿಂದ 1905ರಲ್ಲಿ ತಿಳಿಯಿತು. ದನಗಳ ರೋಗಾಣುವೂ ಇದೂ ಹತ್ತಿರದ ಬಂಧುಗಳೆಂದು 1918ರಲ್ಲಿ ಅಮೆರಿಕದ ಆಲಿಸ್ ಇವಾನ್ಸ್ ಹೇಳಿದಾಗ ಹಲವರು ನಂಬಲಿಲ್ಲ.

ಈ ರೋಗಾಣುವಿನ ಜಾಣತನವಿರುವುದು ಅದು ಅಡಗುವ ಜಾಗದಲ್ಲಿ. ದೇಹಕ್ಕೆ ನುಗ್ಗಿದ ರೋಗಾಣುವನ್ನು ಮ್ಯಾಕ್ರೋಫೇಜ್ ಎಂಬ ಭಕ್ಷಕಕೋಶ ನುಂಗಿ, ಪೊರೆಯ ಚೀಲದಲ್ಲಿ ಕಟ್ಟಿಡುತ್ತದೆ. ಬಳಿಕ ಜೀರ್ಣಕಿಣ್ವ ತುಂಬಿದ ಲೈಸೋಸೋಮ್ ಆ ಚೀಲದೊಡನೆ ಬೆರೆತು ಅದನ್ನು ಅರಗಿಸಬೇಕು. ಬ್ರೂಸೆಲ್ಲಗಳಲ್ಲಿಯೂ ಹೆಚ್ಚಿನವು ಮೊದಲ ಕೆಲವು ಗಂಟೆಗಳಲ್ಲೇ ಹೀಗೆ ಸಾಯುತ್ತವೆ. ಉಳಿದ ಕೆಲವೇ ಸಾಕು! ಅವುಗಳ ಹೊರಕವಚ ದೇಹದ ಎಚ್ಚರಿಕೆಯ ಗಂಟೆಯನ್ನು ಜೋರಾಗಿ ಬಾರಿಸುವುದಿಲ್ಲ. ಚೀಲದೊಳಗೆ ಆಮ್ಲ ಏರಿತೆಂದರೆ ಬೇರೆ ರೋಗಾಣುಗಳಿಗೆ ಮರಣಶಾಸನ; ಬ್ರೂಸೆಲ್ಲಕ್ಕೆ ಅದು ಕೆಲಸ ಆರಂಭಿಸುವ ಸೂಚನೆ. ಆಗ ಅದು ಇಂಜೆಕ್ಷನ್ ಸೂಜಿಯಂಥ ಸಾಧನವೊಂದನ್ನು ಕಟ್ಟಿಕೊಂಡು, ತನ್ನ ಪ್ರೋಟೀನುಗಳನ್ನು ಕೋಶದೊಳಗೆ ಚುಚ್ಚುತ್ತದೆ. ವಿರ್‌ಬಿ ಎಂಬ ಈ ಸಾಧನ ಬ್ರೂಸೆಲ್ಲದಲ್ಲಿದೆಯೆಂದು 1999ರಲ್ಲಿ ಗೊತ್ತಾಯಿತು. ಚೀಲದ ದಾರಿಯೇ ತಿರುಗಿ, ಅದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಜಾಲವನ್ನು ಸೇರುತ್ತದೆ. ಕೋಶವು ತನ್ನ ಪ್ರೋಟೀನು ತಯಾರಿಸುವ ಕಾರ್ಖಾನೆಯದು. ಅದರ ಪೊರೆಯನ್ನೇ ಹೊದ್ದು ರೋಗಾಣು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಬಾಡಿಗೆದಾರನು ಮನೆ ಕೆಡವುವುದೂ ಇಲ್ಲ: ಕೋಶ ಬೇಗ ಸಾಯದಂತೆ ನೋಡಿಕೊಂಡು, ಕೊನೆಗೆ ಪಕ್ಕದ ಕೋಶಕ್ಕೆ ದಾಟುತ್ತದೆ.

ದನದಲ್ಲಿ ಅದಕ್ಕೆ ಇನ್ನೊಂದು ಹಬ್ಬದೂಟವಿದೆ. ಗಬ್ಬದ ದನದ ಕಸದಲ್ಲಿರುವ ಎರಿಥ್ರಿಟಾಲ್ ಎಂಬ ಸಿಹಿವಸ್ತು ಅದಕ್ಕೆ ಬಲು ಇಷ್ಟ. ಅಲ್ಲಿ ಲೆಕ್ಕವಿಲ್ಲದಷ್ಟು ಬೆಳೆಯುವುದರಿಂದಲೇ ಕಂದು ಬೀಳುತ್ತದೆ, ಬರಿಗೈಯಲ್ಲಿ ಮುಟ್ಟಿದವರಿಗೆ ಅಂಟುತ್ತದೆ.

ಕೋಶದೊಳಗಿನ ಶತ್ರುವಿಗೆ ಔಷಧಿ ಸುಲಭವಾಗಿ ತಟ್ಟದು. ಆದ್ದರಿಂದ ಸಾಮಾನ್ಯವಾಗಿ ಎರಡು ಔಷಧಿಗಳನ್ನು, ಹೆಚ್ಚಾಗಿ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್, ಆರು ವಾರ ಕೊಡುತ್ತಾರೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಮನುಷ್ಯರಿಗೆ ಬಳಕೆಯ ಲಸಿಕೆ ಇಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಲಸಿಕೆ ಹಾಕುವ ಏರ್ಪಾಡಾಯಿತು.

ಹಟ್ಟಿಯಲ್ಲಿ ಕಂದು ಬಿದ್ದರೆ ಪಶುವೈದ್ಯರಿಗೆ ತಿಳಿಸಿ. ಕೈಗವಸು ಹಾಕಿಯೇ ಕಸವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಸೇರಿಸಿ ಹೂಳಿ. ಹಾಲನ್ನು ಕುದಿಸದೆ ಕುಡಿಯಬೇಡಿ. ಜ್ವರ ಬಂದರೆ ವೈದ್ಯರು ಕೇಳದಿದ್ದರೂ ನೀವಾಗಿ ದನದ ಸುದ್ದಿ ಹೇಳಿ. ರಕ್ತಪರೀಕ್ಷೆಯ ಚೀಟಿಯಲ್ಲಿ ಅದನ್ನು ಬರೆಯಿಸಿ. ಈ ರೋಗಾಣು ನಿಧಾನವಾಗಿ ಬೆಳೆಯುವುದರಿಂದ ಪ್ರಯೋಗಾಲಯದವರು ಹೆಚ್ಚು ದಿನ ಕಾಯಬೇಕಾಗುತ್ತದೆ. ಗೊತ್ತಿಲ್ಲದೆ ಮೂಸಿದರೆ ಅವರಿಗೂ ಅಂಟುತ್ತದೆ.