ಆಟಿಯ ಮಳೆ ಮತ್ತು ಪಿಸಿವಿ ವಾಲ್ವ್

ಸುಳ್ಯ ತಾಲೂಕಿನ ಮರ್ಕಂಜದಂತಹ ಊರುಗಳಲ್ಲಿ ಆಟಿ ತಿಂಗಳ ಮಳೆಗೆ ಕಾರು ಹೊರಡುವುದು ಹೆಚ್ಚಾಗಿ ಹತ್ತಿರದ ಕೆಲಸಗಳಿಗೆ. ಹಾಲಿನ ಸೊಸೈಟಿ, ಶಾಲೆ, ಅಂಗಡಿ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಕಾರು ಮತ್ತೆ ಶೆಡ್ಡಿಗೆ. ಹೀಗೆ ಓಡುವ ಪೆಟ್ರೋಲ್ ಕಾರಿನ ಆಯಿಲ್ ಮುಚ್ಚಳವನ್ನು ಒಮ್ಮೆ ತಿರುಗಿಸಿ ತೆಗೆದು ನೋಡಿ. ಒಳಬದಿಯಲ್ಲಿ ಕಡೆದ ಮಜ್ಜಿಗೆಯ ಬೆಣ್ಣೆಯಂತಹ ಹಳದಿ ಬಿಳಿ ಜಿಡ್ಡು ಅಂಟಿಕೊಂಡಿದೆಯೇ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ನುಸುಳಿ, ಸುಟ್ಟ ಅನಿಲ ಮತ್ತು ಪೆಟ್ರೋಲಿನ ಆವಿಯೊಂದಿಗೆ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಈ ಆವಿ ನೀರಾಗಿ ಆಯಿಲಿಗೆ ಬೆರೆಯುತ್ತದೆ. ಆ ಜಿಡ್ಡಿನ ಮೂಲ ಇದೇ. ಆದರೆ ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ತಡಮಾಡದೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ.

ಹಿಂದೆ ಕ್ರ್ಯಾಂಕ್‌ಕೇಸಿನ ಈ ಅನಿಲವನ್ನು ಒಂದು ಪೈಪಿನಿಂದ ರಸ್ತೆಗೇ ಬಿಡುತ್ತಿದ್ದರು. ಲಾಸ್ ಏಂಜಲೀಸಿನ ಹೊಗೆಮಂಜಿನ ಕಾಟದಿಂದಾಗಿ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಗೆ, ಅದನ್ನು ಎಂಜಿನ್ನಿಗೇ ಮರಳಿಸಿ ಸುಡುವ ಏರ್ಪಾಡು ಬಂತು. ಎಷ್ಟು ಮರಳಬೇಕೆಂದು ತೀರ್ಮಾನಿಸುವುದು ಹೆಬ್ಬೆರಳಿನಷ್ಟು ಗಾತ್ರದ ಪಿಸಿವಿ ವಾಲ್ವ್. ಒಳಗೆ ಒಂದು ಸ್ಪ್ರಿಂಗು, ಜಾರುವ ಒಂದು ಸಣ್ಣ ತುಂಡು, ಅಷ್ಟೇ.

ಹುಡುಕುವುದು ಕಷ್ಟವಲ್ಲ. ಎಂಜಿನ್ನಿನ ಮೇಲಿನ ಹೆಡ್ ಕವರಿನಿಂದ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸನ್ನು ಬೆರಳಿನಿಂದ ಹಿಡಿದುಕೊಂಡು ಹೋಗಿ. ಅದರ ಯಾವುದಾದರೊಂದು ತುದಿಯಲ್ಲಿ ವಾಲ್ವ್ ಕೂತಿರುತ್ತದೆ. ಏರ್ ಫಿಲ್ಟರಿಗೆ ಹೋಗುವ ಇನ್ನೊಂದು ಹೋಸ್ ಹೊಸ ಗಾಳಿ ಬರುವ ದಾರಿ. ಅದರಲ್ಲಿ ವಾಲ್ವ್ ಇರುವುದಿಲ್ಲ.

ವಾಲ್ವ್ ಹೆಡ್ ಕವರಿನಲ್ಲಿದ್ದರೆ, ಎಂಜಿನ್ ಐಡ್ಲಿಂಗಿನಲ್ಲಿರುವಾಗ, ಫ್ಯಾನು ಬೆಲ್ಟುಗಳಿಂದ ಕೈ ದೂರವಿಟ್ಟು, ವಾಲ್ವನ್ನು ಹೋಸ್ ಸಮೇತ ಹೊರಗೆಳೆಯಿರಿ. ತೆರೆದ ಬಾಯಿಗೆ ಹೆಬ್ಬೆರಳು ಒತ್ತಿದರೆ ಬಲವಾದ ಎಳೆತ ಸಿಗಬೇಕು. ಸಿಗದಿದ್ದರೆ ವಾಲ್ವ್ ಇಲ್ಲವೇ ಹೋಸ್ ಕಟ್ಟಿಕೊಂಡಿದೆ. ಎಂಜಿನ್ ಆಫ್ ಮಾಡಿ, ವಾಲ್ವನ್ನು ಹೋಸಿನಿಂದ ಬಿಡಿಸಿ ಕಿವಿಯ ಬಳಿ ಅಲ್ಲಾಡಿಸಿ. ಕಟಕಟ ಸದ್ದಿಲ್ಲದಿದ್ದರೆ ಅದು ಹಾಳಾಗಿದೆ. ಸದ್ದಿದ್ದ ಮಾತ್ರಕ್ಕೆ ಸ್ಪ್ರಿಂಗ್ ಸರಿಯಿದೆ ಎಂದೂ ಅಲ್ಲ.

ನನಗೆ ಬೇಸರ ತರುವ ಸಂಗತಿ ಇಲ್ಲಿದೆ. ವಾಲ್ವ್ ಕಟ್ಟಿಕೊಂಡಾಗ ಕ್ರ್ಯಾಂಕ್‌ಕೇಸಿನ ಒತ್ತಡ ಏರಿ ಆಯಿಲ್ ಸೀಲಿನ ಬದಿಯಲ್ಲಿ ಒಸರತೊಡಗುತ್ತದೆ, ಏರ್ ಫಿಲ್ಟರಿಗೂ ಆಯಿಲ್ ಬರುತ್ತದೆ. ಎಷ್ಟೋ ಮಂದಿ ಎಂಜಿನ್ನೇ ಹೋಯಿತೆಂದು ಹೆದರಿ, ಗೇರ್‌ಬಾಕ್ಸ್ ಇಳಿಸಿ ಸೀಲ್ ಬದಲಿಸುತ್ತಾರೆ. ಒತ್ತಡ ಹಾಗೆಯೇ ಉಳಿದರೆ ಹೊಸ ಸೀಲೂ ಒಸರುತ್ತದೆ. ಸೀಲಿಗೆ ಕೈ ಹಾಕುವ ಮೊದಲು ಈ ವಾಲ್ವ್ ನೋಡಿ ಎಂದು ನಿಮ್ಮ ಗ್ಯಾರೇಜಿನಲ್ಲಿ ದಯವಿಟ್ಟು ಹೇಳಿ.

ಬದಲಿಸುವಾಗ ನಿಮ್ಮ ಎಂಜಿನ್ನಿಗೆ ಹೇಳಿದ ವಾಲ್ವನ್ನೇ ತನ್ನಿ; ನೋಡಲು ಒಂದೇ ತರಹ ಇದ್ದರೂ ಒಳಗಿನ ತೂತಿನ ಅಳತೆ ಬೇರೆ. ಹಳೆಯದು ಯಾವ ಮುಖಕ್ಕೆ ಕೂತಿತ್ತೆಂದು ಗಮನಿಸಿ, ಪ್ಲಾಸ್ಟಿಕ್ ಮುರಿಯದಂತೆ ಮೆಲ್ಲಗೆ ತಿರುಗಿಸಿ ತೆಗೆಯಿರಿ. ಅದು ಕೂರುವ ರಬ್ಬರ್ ಬುಷ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ. ಆ ಜಾಗಕ್ಕೆ ಹಳೆ ಟ್ಯೂಬಿನ ತುಂಡು ಸುತ್ತಬೇಡಿ. ರಬ್ಬರ್ ತೋಟವಿರುವವರಿಗೆ ಗೊತ್ತಿರಬಹುದು, ಮರದ ಹಾಲಿನಿಂದ ಮಾಡಿದ ರಬ್ಬರ್ ಎಂಜಿನ್ ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಅಲ್ಲಿಗೆ ಬೇಕಾದದ್ದು ಆಯಿಲ್ ತಡೆಯುವ ನೈಟ್ರೈಲ್‌ನಂತಹ ಕೃತಕ ರಬ್ಬರ್.

ಈಚಿನ ಹಲವು ಕಾರುಗಳಲ್ಲಿ ವಾಲ್ವ್ ಹೆಡ್ ಕವರಿನ ಒಳಗೇ ಇರುವುದರಿಂದ ಕವರನ್ನೇ ಬದಲಿಸಬೇಕಾಗಬಹುದು. ಹಳೆಯ ಡೀಸೆಲ್ ಜೀಪುಗಳಲ್ಲಿ ಈ ವಾಲ್ವ್ ಇಲ್ಲ. ಬ್ರೀದರ್ ಪೈಪ್ ಕಟ್ಟಿಕೊಳ್ಳದಂತೆ ನೋಡಿದರೆ ಸಾಕು. ಜಿಡ್ಡು ಕಟ್ಟಿದ್ದ ಎಂಜಿನ್ನಿಗೆ ಹೊಸ ವಾಲ್ವ್ ಹಾಕಿದಾಗ ಆಯಿಲ್ ಮತ್ತು ಆಯಿಲ್ ಫಿಲ್ಟರನ್ನೂ ಅದೇ ದಿನ ಬದಲಿಸಿ, ಹೋಸಿನ ಒಳಗನ್ನು ತೊಳೆದು ಒಣಗಿಸಿ ಜೋಡಿಸಿ. ಇಲ್ಲವಾದರೆ ಹಳೆಯ ಜಿಡ್ಡೇ ಹೊಸ ವಾಲ್ವಿಗೂ ಹತ್ತುತ್ತದೆ.